ಕಾರವಾರದ ಉಪ್ಪುಗಾಳಿ, ಶಿರಸಿಯ ಜಡಿಮಳೆ: ಪರಿಸರಸ್ನೇಹಿ ಮನೆಗೆ ಯಾವುದನ್ನು ಆರಿಸಬೇಕು?

ಉತ್ತರ ಕನ್ನಡದಲ್ಲಿ ಪರಿಸರಸ್ನೇಹಿ ಮನೆ ಕಟ್ಟಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಗೋಡೆಯ ಬಗ್ಗೆ: ಮಣ್ಣಿನ ಬ್ಲಾಕೋ, ಚಿರೆಕಲ್ಲೋ (ಜಂಬಿಟ್ಟಿಗೆ ಕಲ್ಲು)? ಅದಕ್ಕೂ ಮೊದಲು ನೋಡಬೇಕಾದದ್ದು ನಿಮ್ಮ ಜಾಗ ಕುಮಟಾ-ಶಿರಸಿ ನಡುವಿನ ದೇವಿಮನೆ ಘಾಟಿಯ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳಗಳಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚು ಮಳೆ. ಜೊತೆಗೆ ಉಪ್ಪಿನ ಗಾಳಿ ಮತ್ತು ಬೆವರಿಳಿಸುವ ಸೆಕೆ. ಸುಮಾರು 600 ಮೀಟರ್ ಎತ್ತರದಲ್ಲಿರುವ ಶಿರಸಿಯಲ್ಲಿ ಉಪ್ಪಿಲ್ಲ, ಸೆಕೆಯೂ ಕಡಿಮೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಕಾಣದ ವಾರಗಳು, ಒಣಗದ ಬಟ್ಟೆ, ಬೂಸ್ಟು ಹಿಡಿಯುವ ಕಪಾಟು. ಅದೇ ಜಿಲ್ಲೆಯ ಹಳಿಯಾಳ, ಮುಂಡಗೋಡದ ಕಡೆ ಕರಾವಳಿಯ ಅರ್ಧದಷ್ಟೂ ಮಳೆಯಿಲ್ಲ. ಹೀಗಿರುವಾಗ ಬೆಂಗಳೂರಿನ ಒಣಹವೆಗೆ ಚೆಂದವಾಗಿ ಹೊಂದಿದ ನಕ್ಷೆಯೊಂದನ್ನು ತಂದು ಇಲ್ಲಿ ಇಳಿಸಿದರೆ ಅದು ಎಷ್ಟೇ ಹಸಿರು ಹೆಸರು ಹೊತ್ತಿದ್ದರೂ ಪ್ರತಿ ಮಳೆಗಾಲವೂ ರಿಪೇರಿ ಕೇಳುತ್ತದೆ.

ಆದ್ದರಿಂದ ಈ ಹೋಲಿಕೆಯಲ್ಲಿ ನಾನು ಎರಡೇ ಅಳತೆಗೋಲು ಹಿಡಿದಿದ್ದೇನೆ. ವಸ್ತು ಎಷ್ಟು ದೂರದಿಂದ ಲಾರಿ ಏರಿ ಬಂತು? ಇಪ್ಪತ್ತು ಮಳೆಗಾಲದಲ್ಲಿ ಅದನ್ನು ಎಷ್ಟು ಸಲ ಬದಲಿಸಬೇಕು, ಬಳಿಯಬೇಕು, ಇನ್ನೊಂದರಿಂದ ಮುಚ್ಚಬೇಕು? ಎರಡನೆಯ ಪ್ರಶ್ನೆಗೆ ಹೆಚ್ಚು ತೂಕ ಕೊಟ್ಟಿದ್ದೇನೆ. ಐದು ವರ್ಷಕ್ಕೆ ಕಿತ್ತು ಎಸೆಯಬೇಕಾದ ವಸ್ತುವನ್ನು ಪರಿಸರಸ್ನೇಹಿ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಗೋಡೆ

ಕರಾವಳಿಯಲ್ಲಿ ಚಿರೆಕಲ್ಲನ್ನು ಮೀರಿಸುವ ವಸ್ತು ಇನ್ನೂ ಬಂದಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಸುಡುವ ಭಟ್ಟಿ ಬೇಡ. ಹತ್ತಿರದ ಕಣಿಯಿಂದ ಬರುತ್ತದೆ. ಕಡಿದಾಗ ಮೆದುವಾಗಿದ್ದು ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಕುಮಟಾ ಬಳಿಯ ಮಿರ್ಜಾನ್ ಕೋಟೆಯ ಗೋಡೆಗಳು ತಲೆಯ ಮೇಲೆ ಮಾಡು (ಛಾವಣಿ) ಇಲ್ಲದೆ ಶತಮಾನಗಳ ಮಳೆ ಕುಡಿದು ನಿಂತಿವೆ. ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿಲ್ಲ. ಆದರೆ ಎಲ್ಲ ಚಿರೆಕಲ್ಲೂ ಒಂದೇ ಅಲ್ಲ. ಬಿಳಿ ಶೇಡಿಮಣ್ಣು ತುಂಬಿದ ಕಲ್ಲು ಮಳೆಗೆ ಕರಗಿ ಗೂಡುಗೂಡಾಗುತ್ತದೆ. ಲಾರಿ ಇಳಿಸುವ ಮೊದಲೇ ನಾಲ್ಕಾರು ಕಲ್ಲುಗಳನ್ನು ಸುತ್ತಿಗೆಯಿಂದ ತಟ್ಟಿ ನೋಡಿ. ಟಣ್ ಎನ್ನಬೇಕು, ಮೊದ್ದು ಸದ್ದು ಬರಬಾರದು. ಒಂದು ಕಲ್ಲನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ ಬೆಳಿಗ್ಗೆ ಅಂಚನ್ನು ಬೆರಳಿನಿಂದ ಉಜ್ಜಿ. ಪುಡಿ ಉದುರಿದರೆ ಆ ಕಣಿಯನ್ನು ಬಿಟ್ಟುಬಿಡಿ.

ಚಿರೆಕಲ್ಲಿಗೂ ಒಂದು ಪಾಪ ಅಂಟಿದೆ, ಅದನ್ನು ಹೇಳದೆ ಬಿಡುವುದು ಸರಿಯಲ್ಲ. ಕಣಿ ತೋಡಿದ ಜಾಗಗಳು ಹಳ್ಳ ಬಿದ್ದು, ಮಣ್ಣು ಮುಚ್ಚದೆ ಹಾಗೆಯೇ ಉಳಿದಿವೆ. ಅದಕ್ಕಾಗಿ, ಸಿಕ್ಕಿದರೆ ಹಳೆಯ ಮನೆ ಕೆಡವಿದ ಕಲ್ಲನ್ನೇ ಕೊಳ್ಳಿ. ಗಾರೆಯನ್ನು ಕೆತ್ತಿ ತೆಗೆದರೆ ಆಯಿತು; ದಶಕಗಳ ಮಳೆ ಕಂಡ ಕಲ್ಲು ಹೊಸ ಕಲ್ಲಿಗಿಂತ ನಂಬಿಕಸ್ಥ. ಜೊತೆಗೆ ಹಳೆಯ ಬಾಗಿಲು, ದಾರಂದ, ತೊಲೆ, ಹೆಂಚುಗಳೂ ಅಲ್ಲಿಯೇ ಸಿಗುತ್ತವೆ. ಊರಿನಲ್ಲಿ ಯಾವ ಮನೆ ಕೆಡವುತ್ತಿದ್ದಾರೆ ಎಂದು ಆರು ತಿಂಗಳು ಮೊದಲೇ ವಿಚಾರಿಸಿಟ್ಟುಕೊಳ್ಳುವುದು ಒಳ್ಳೆಯದು.

ಘಟ್ಟದ ಮೇಲಿನ ಲೆಕ್ಕ ಬೇರೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕೆಂಪು ಮಣ್ಣು ಒತ್ತುಬ್ಲಾಕಿಗೆ ಚೆನ್ನಾಗಿ ಒಗ್ಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರ ಈ ತಂತ್ರವನ್ನು ನಮ್ಮ ರಾಜ್ಯದಲ್ಲಿ ಬೆಳೆಸಿತು. ಮಣ್ಣಿಗೆ ಮರಳು ಬೆರೆಸಿ, ಶೇಕಡಾ 5ರಿಂದ 8ರಷ್ಟು ಸಿಮೆಂಟ್ ಸೇರಿಸಿ, ಕೈಯಂತ್ರದಲ್ಲಿ ಒತ್ತಿ, ಮೂರು ನಾಲ್ಕು ವಾರ ನೀರುಣಿಸುವುದು. ಸುಟ್ಟ ಇಟ್ಟಿಗೆಯ ಗೋಡೆಗೆ ತಗಲುವ ಶಕ್ತಿಯ ಸುಮಾರು ಕಾಲುಭಾಗದಲ್ಲಿ ಈ ಗೋಡೆ ಎದ್ದು ನಿಲ್ಲುತ್ತದೆ. ಅಡಿಪಾಯಕ್ಕೋ ಬಾವಿಗೋ ಅಗೆದ ಮಣ್ಣೇ ಗೋಡೆಯಾಗುವುದಾದರೆ ಲಾರಿಯ ಮಾತೇ ಇಲ್ಲ. ಒಂದು ಗಾಜಿನ ಬಾಟಲಿಯಲ್ಲಿ ಮಣ್ಣು, ನೀರು ಹಾಕಿ ಅಲುಗಿಸಿ ಇಟ್ಟರೆ ಮರುದಿನ ಮರಳು ಕೆಳಗೆ, ಜೇಡಿ ಮೇಲೆ ಪದರವಾಗಿ ಕೂರುತ್ತದೆ. ಜೇಡಿಯೇ ಹೆಚ್ಚಾಗಿ ಕಂಡರೆ ಮರಳು ಬೆರೆಸದೆ ಮುಂದುವರಿಯಬೇಡಿ, ಗೋಡೆ ಬಿರುಕು ಬಿಡುತ್ತದೆ.

ಮಣ್ಣಿನ ಬ್ಲಾಕಿಗೆ ನಮ್ಮ ಸೀಮೆಯಲ್ಲಿ ಎರಡು ಷರತ್ತುಗಳಿವೆ. ಪಂಚಾಂಗ (ಗೋಡೆ ನಿಲ್ಲುವ ಪೀಠ) ನೆಲದಿಂದ ಕನಿಷ್ಠ ಎರಡು ಅಡಿ ಎತ್ತರವಿದ್ದು, ಅಷ್ಟೂ ಚಿರೆಕಲ್ಲಿನದೋ ಕರಿಕಲ್ಲಿನದೋ ಆಗಿರಬೇಕು. ಮಾಡಿನ ನೀರು ನೆಲಕ್ಕೆ ಬಿದ್ದು ಸಿಡಿಯುವುದು ಅಷ್ಟೇ ಎತ್ತರಕ್ಕೆ. ಮಾಡಿನ ಚಾಚು ಮೂರು ಅಡಿಗೆ ಕಡಿಮೆ ಇರಬಾರದು. ಇವೆರಡೂ ಸಾಧ್ಯವಿಲ್ಲವೆಂದರೆ ಶಿರಸಿಯಲ್ಲಿಯೂ ಚಿರೆಕಲ್ಲಿಗೇ ಹೋಗಿ. ಕಡಲತೀರದಲ್ಲಂತೂ ಪಡುವಣ ಗೋಡೆಗೆ ಬರಿಯ ಮಣ್ಣಿನ ಬ್ಲಾಕ್ ಬೇಡ. ನೈಋತ್ಯದ ಗಾಳಿ ಮಳೆಯನ್ನು ಅಡ್ಡಡ್ಡ ಹೊಡೆಯುವಾಗ ಯಾವ ಚಾಚೂ ಅದನ್ನು ಪೂರ್ತಿ ಕಾಯುವುದಿಲ್ಲ. ಅಲ್ಲಿ ಜಗಲಿ ಬೇಕು.

ಸಿಮೆಂಟ್ ಬ್ಲಾಕ್ ಅಗ್ಗ, ಎಲ್ಲೆಡೆ ಸಿಗುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಆದರೆ ಕಾರವಾರದ ಏಪ್ರಿಲ್ ರಾತ್ರಿಯಲ್ಲಿ ಆ ಗೋಡೆ ಹಗಲಿನ ಕಾವನ್ನು ಹೊರಗೆ ಬಿಡುತ್ತ ಫ್ಯಾನನ್ನು ಬೆಳಗಿನವರೆಗೆ ಓಡಿಸುತ್ತದೆ. ಗಾಳಿಗುಳ್ಳೆ ತುಂಬಿದ, ಹಗುರವಾದ ಎಎಸಿ ಕಾಂಕ್ರೀಟ್ ಬ್ಲಾಕ್ ಕಾವನ್ನು ತಡೆಯುತ್ತದೆ, ನಿಜ. ಆದರೆ ಅದು ದೂರದ ಕಾರ್ಖಾನೆಯ ಸರಕು, ನೀರನ್ನೂ ಹೀರುತ್ತದೆ. ಪ್ಲಾಸ್ಟರಿನಲ್ಲಿ ಒಂದು ಬಿರುಕು ಬಿಟ್ಟರೂ ಮಳೆ ಒಳಗೆ ಬಂದು ಕೂರುತ್ತದೆ. ಒಳಗೋಡೆಗಳಿಗೆ ಸರಿ.

ಗಾರೆಯ ವಿಷಯದಲ್ಲಿ ಸುಣ್ಣದ ಪರವಾಗಿ ವಾದಿಸಲು ನಮ್ಮ ಕರಾವಳಿಯ ದೇವಸ್ಥಾನಗಳೇ ಸಾಕು. ಸುಣ್ಣದ ಗಾರೆಯ ಮೇಲೆ ಕೆಂಪು ಬಳಿದು ಕೊರೆದ ಕಾವಿ ಚಿತ್ರಗಳು ಉಪ್ಪುಗಾಳಿಯಲ್ಲೇ ತಲೆಮಾರುಗಳನ್ನು ದಾಟಿವೆ. ಸುಣ್ಣ ಗೋಡೆಯ ತೇವವನ್ನು ಹೊರಗೆ ಬಿಡುತ್ತದೆ. ಮಣ್ಣಿನ ಗೋಡೆಯ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿ ಪದರು ಪದರಾಗಿ ಕಿತ್ತುಬರುತ್ತದೆ. ಆದರೆ ಚಿಪ್ಪಿಸುಣ್ಣ ಎಂದ ಮಾತ್ರಕ್ಕೆ ಹಸಿರು ಎಂದುಕೊಳ್ಳುವ ಹಾಗಿಲ್ಲ. ಅಘನಾಶಿನಿಯ ಅಳಿವೆಯಲ್ಲಿ ಬಳಚು (ತಿನ್ನುವ ಚಿಪ್ಪಿಜೀವಿ) ಆರಿಸಿ ಬದುಕುವ ಕುಟುಂಬಗಳಿವೆ, ಆ ಅಳಿವೆ 2024ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಅಳಿವೆಯ ತಳ ಅಗೆದು ತೆಗೆದ ಚಿಪ್ಪಿಗಿಂತ ಕಲ್ಲುಸುಣ್ಣವನ್ನೇ ನಾನು ಆರಿಸುವೆ. ಊಟಕ್ಕೆ ಬಳಸಿದ ಬಳಿಕ ಉಳಿದ ಚಿಪ್ಪಿಯನ್ನು ಸುಟ್ಟ ಸುಣ್ಣವಾದರೆ ಸಂತೋಷದಿಂದ ಕೊಳ್ಳಬಹುದು.

ಮಾಡು: ಇಲ್ಲಿಯೇ ಹೆಚ್ಚು ಹಣ ಮತ್ತು ಹೆಚ್ಚು ಯೋಚನೆ

ಕರಾವಳಿಯ ಹೆದ್ದಾರಿಯ ಇಕ್ಕೆಲದ ಮನೆಗಳನ್ನು ನೋಡಿ. ಚಪ್ಪಟೆ ಆರ್‌ಸಿಸಿ ತಾರಸಿ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟಿನ ಇನ್ನೊಂದು ಮಾಡು. ಸೋರಿಕೆಗೆ ಮದ್ದು ಹಚ್ಚಿ ಸೋತ ಬಳಿಕ ಹೀಗೆ ಒಂದೇ ಮನೆಗೆ ಎರಡು ಮಾಡಿನ ಸಿಮೆಂಟು, ಕಬ್ಬಿಣ, ದುಡ್ಡು ಸುರಿಯುತ್ತೇವೆ. ಮೊದಲೇ ಇಳಿಜಾರು ಮಾಡು ಹಾಕಿದ್ದರೆ ಆ ಹಣದಲ್ಲಿ ಬಾವಿ ಮತ್ತು ಸೌರ ಫಲಕ ಎರಡೂ ಆಗುತ್ತಿದ್ದವು.

ಕಡಲ ಬಳಿ ಚಪ್ಪಟೆ ತಾರಸಿಗೆ ಇನ್ನೊಂದು ಶತ್ರುವಿದೆ. ಉಪ್ಪಿನ ಅಂಶ ಕಾಂಕ್ರೀಟಿನೊಳಗೆ ನುಸುಳಿ ಸರಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಉಬ್ಬಿ ಅಡಿಯ ಕಾಂಕ್ರೀಟ್ ಚಕ್ಕೆಯಾಗಿ ಬೀಳುತ್ತದೆ. ಭಾರತೀಯ ಮಾನಕ ಐಎಸ್ 456:2000 ಕರಾವಳಿಯ ಹವೆಗೆ ಒಡ್ಡಿದ ಕಾಂಕ್ರೀಟನ್ನು ತೀವ್ರ ವರ್ಗಕ್ಕೆ ಸೇರಿಸಿ, ಕನಿಷ್ಠ ಎಂ30 ಎಂಬ ಗಟ್ಟಿತನದ ದರ್ಜೆಯನ್ನೂ ಸರಳಿನ ಮೇಲೆ 45 ಮಿಲಿಮೀಟರ್ ಹೊದಿಕೆಯನ್ನೂ ಕೇಳುತ್ತದೆ. ಸ್ಲ್ಯಾಬ್ ಹಾಕಲೇಬೇಕಾದವರು ಈ ಎರಡು ಸಂಖ್ಯೆಗಳನ್ನು ಗುತ್ತಿಗೆದಾರನ ಮುಂದೆ ಇಡಿ. ಕಡಲ ಮರಳನ್ನು ಅಂಗಳದೊಳಗೂ ಬಿಡಬೇಡಿ.

ಇನ್ನು ಮಂಗಳೂರು ಹೆಂಚು. ಬಾಸೆಲ್ ಮಿಷನ್ 1865ರಲ್ಲಿ ನೇತ್ರಾವತಿಯ ದಂಡೆಯಲ್ಲಿ ಕಾರ್ಖಾನೆ ತೆರೆದಾಗಿನಿಂದ ಈ ಹೆಂಚು ನಮ್ಮ ಕರಾವಳಿಯ ಮುಖವೇ ಆಗಿಬಿಟ್ಟಿದೆ. ಚದರ ಮೀಟರಿಗೆ ಸುಮಾರು 15 ಹೆಂಚು. ಒಂದು ಒಡೆದರೆ ಒಂದನ್ನು ಬದಲಿಸಿದರೆ ಸಾಕು, ಸಂದಿನಿಂದ ಬಿಸಿಗಾಳಿ ಹೊರಹೋಗುತ್ತದೆ, ಎಲ್ಲೆಲ್ಲಿ ಬೆಳಕು ಬೇಕೋ ಅಲ್ಲಿ ಗಾಜಿನ ಹೆಂಚು ಇಟ್ಟರಾಯಿತು. ಅಡಿಯಲ್ಲಿ ಒಳಹೆಂಚಿನ ಪದರವಿದ್ದರೆ ಸೆಕೆ ಗಣನೀಯವಾಗಿ ಇಳಿಯುತ್ತದೆ, ಕಸವೂ ಬೀಳುವುದಿಲ್ಲ. ಇಳಿಜಾರು 30 ಡಿಗ್ರಿಯ ಆಸುಪಾಸಿನಲ್ಲಿರಲಿ; ಚೆಂದಕ್ಕೆಂದು ಅದಕ್ಕಿಂತ ತಗ್ಗಿಸಿದರೆ ಗಾಳಿಮಳೆ ಹೆಂಚಿನಡಿಗೆ ನೀರು ನುಗ್ಗಿಸುತ್ತದೆ.

ಘಟ್ಟದ ಮೇಲೆ ಹೆಂಚಿಗೆ ದೊಡ್ಡ ತೊಂದರೆ ಮಂಗಗಳದು. ಮಾಡಿನ ಮೇಲೆ ಓಡಾಡಿ ಹೆಂಚು ಸರಿಸಿ, ಒಡೆದು, ಮಳೆಯ ನಡುವೆ ಮಾಡಿಗೆ ಹತ್ತಬೇಕಾದ ಸ್ಥಿತಿ ತರುತ್ತವೆ. ಹತ್ತಲು ಆಳು ಸಿಗುವುದೂ ಕಷ್ಟ. ಇದನ್ನು ಲಘುವಾಗಿ ತಳ್ಳಿಹಾಕಿ 'ಹೆಂಚೇ ಹಾಕಿ' ಎಂದು ಉಪದೇಶಿಸುವುದು ಅಂಥ ಮನೆಯಲ್ಲಿ ಬದುಕುವವರಿಗೆ ಮಾಡುವ ಅನ್ಯಾಯ. ಮಂಗನ ಕಾಟ ವಿಪರೀತವಿರುವಲ್ಲಿ ಎರಡು ದಾರಿಗಳಿವೆ. ಒಂದು, ಇಳಿಜಾರು ಸ್ಲ್ಯಾಬ್ ಹಾಕಿ ಅದರ ಮೇಲೆ ಹೆಂಚನ್ನು ಗಾರೆಯಲ್ಲಿ ಕೂರಿಸುವುದು; ಆ ಸ್ಲ್ಯಾಬಿನ ತಳಭಾಗದಲ್ಲಿ ಕಾಂಕ್ರೀಟಿನ ಬದಲು ಹಳೆಯ ಹೆಂಚುಗಳನ್ನು ತುಂಬಿದರೆ ಕಾಂಕ್ರೀಟೂ ಉಳಿಯುತ್ತದೆ, ಕೆಳಗಿನಿಂದ ನೋಡಲೂ ಚೆಂದ. ಇನ್ನೊಂದು, ಬಣ್ಣದ ಲೋಹದ ಶೀಟು. ಶೀಟು ಹಗುರ, ಬೇಗ ಆಗುತ್ತದೆ, ಮಂಗನಿಗೆ ಸರಿಸಲಾಗದು. ಆದರೆ ಮಳೆಯ ಸದ್ದಿಗೆ ಮನೆಯೊಳಗೆ ಮಾತು ಕೇಳಿಸುವುದಿಲ್ಲ, ಬೇಸಿಗೆಯಲ್ಲಿ ಅದರ ಕೆಳಗೆ ಒಳಮಾಡು ಇಲ್ಲದೆ ಕೂರಲಾಗದು. ಕಡಲಂಚಿನಲ್ಲಿ ಕತ್ತರಿಸಿದ ಅಂಚು ಮತ್ತು ಸ್ಕ್ರೂ ತೂತುಗಳಿಂದ ತುಕ್ಕು ಶುರುವಾಗುತ್ತದೆ. ಶಿರಸಿಯ ಕೊಟ್ಟಿಗೆಗೆ, ಅಡಿಕೆ ಒಣಗಿಸುವ ಅಟ್ಟಕ್ಕೆ ಶೀಟು ಸರಿ. ಕಾರವಾರದ ವಾಸದ ಮನೆಗೆ ನಾನು ಬೇಡವೆನ್ನುವೆ.

ಮಾಡಿನ ಅಡಿಯ ಚೌಕಟ್ಟಿಗೆ ಮರವೋ ಕಬ್ಬಿಣವೋ? ಕಡಲ ಬಳಿ ಮರ. ಸಾಗುವಾನಿ, ಮತ್ತಿ, ಹೊನ್ನೆ, ನಂದಿ, ಹಲಸು ಎಲ್ಲವೂ ಈ ಜಿಲ್ಲೆಯವು. ದಾಂಡೇಲಿಯ ಅರಣ್ಯ ಇಲಾಖೆಯ ಡಿಪೋದಿಂದ ದಾಖಲೆಯೊಂದಿಗೆ ಬಂದದ್ದು ಅಥವಾ ಹಳೆಯ ಮನೆಯಿಂದ ಬಂದದ್ದು ಮಾತ್ರ ನಿಮ್ಮ ಮಾಡು ಏರಲಿ. ಕಬ್ಬಿಣವೇ ಆದರೆ ಸತುವಿನ ಲೇಪವಿರುವ ಪೈಪು, ಬೆಸುಗೆ ಹಾಕಿದ ಕಡೆಯೆಲ್ಲ ಮತ್ತೆ ಲೇಪ. ಕಿಟಕಿಯ ಸರಳು, ತಿರುಗಣಿ, ಸ್ಕ್ರೂಗಳು ಕಾರವಾರದಲ್ಲಿ ಹಿತ್ತಾಳೆಯವೋ 316 ದರ್ಜೆಯ ಸ್ಟೀಲಿನವೋ ಆಗಿರಲಿ. 304 ದರ್ಜೆಯದು ಉಪ್ಪಿಗೆ ಚುಕ್ಕೆಚುಕ್ಕೆಯಾಗಿ ತುಕ್ಕು ಹಿಡಿಯುತ್ತದೆ.

ನೆಲ

ಬೇಗ ಮುಗಿಸುತ್ತೇನೆ. ನುಣುಪಾದ ವಿಟ್ರಿಫೈಡ್ ಟೈಲ್ ಮಳೆಗಾಲದ ಆರಂಭದಲ್ಲಿ ಬೆವರಿ ಜಾರುತ್ತದೆ. ವಯಸ್ಸಾದವರಿರುವ ಮನೆಗೆ ಅದು ಅಪಾಯ. ಮಣ್ಣಿನ ಟೈಲ್ ತೇವವನ್ನು ಸ್ವಲ್ಪ ಹೀರಿಕೊಂಡು ಪಾದಕ್ಕೆ ಹಿತವಾಗಿರುತ್ತದೆ, ಆದರೆ ಅಡುಗೆಮನೆಯಲ್ಲಿ ಎಣ್ಣೆಯ ಕಲೆ ಹೋಗುವುದಿಲ್ಲ. ಕೆಂಪು ಆಕ್ಸೈಡ್ ನೆಲ ಒಳ್ಳೆಯ ಕೈ ಸಿಕ್ಕಿದರೆ ಜೀವಮಾನದ ಬಾಳಿಕೆ, ಸಿಗದಿದ್ದರೆ ಮೊದಲ ವರ್ಷವೇ ಬಿರುಕು. ಹಾಗಾಗಿ ಕೆಲಸಗಾರ ಹಿಂದೆ ಹಾಕಿದ ನೆಲವನ್ನು ಹೋಗಿ ನೋಡಿಯೇ ನಿರ್ಧರಿಸಿ. ಅಂಗಳಕ್ಕೆ ಸಿಮೆಂಟ್ ಹಾಸು ಬೇಡ. ಚಿರೆಕಲ್ಲಿನ ತುಂಡು ಹಾಸಿದರೆ ನೀರು ಇಂಗುತ್ತದೆ. ಅಡಿಕೆ ಒಣಗಿಸುವವರಿಗೆ ಸಗಣಿ ಸಾರಿಸಿದ ಅಂಗಳ ಇಂದಿಗೂ ಸಾಕು.

ನೀರು ಮತ್ತು ಶೌಚದ ಗುಂಡಿ

ನೂರು ಚದರ ಮೀಟರ್ ಮಾಡಿನ ಮೇಲೆ 3000 ಮಿಲಿಮೀಟರ್ ಮಳೆ ಬಿದ್ದರೆ ಮೂರು ಲಕ್ಷ ಲೀಟರ್. ನಾಲ್ವರ ಮನೆ, ತಲಾ ದಿನಕ್ಕೆ 135 ಲೀಟರ್ ಎಂದರೂ ವರ್ಷಕ್ಕೆ ಎರಡು ಲಕ್ಷ ಲೀಟರ್ ಸಾಕು. ಆದರೂ ಏಪ್ರಿಲ್ ಬಂದರೆ ಟ್ಯಾಂಕರಿಗೆ ಕಾಯುತ್ತೇವೆ! ಫೆಬ್ರವರಿಯಿಂದ ಮೇವರೆಗಿನ ಎಲ್ಲ ಬಳಕೆಗೂ ತೊಟ್ಟಿ ಕಟ್ಟಿದರೆ 65 ಸಾವಿರ ಲೀಟರಿನದು ಬೇಕು. ಅಷ್ಟು ದೊಡ್ಡ ಕಾಂಕ್ರೀಟ್ ತೊಟ್ಟಿಯನ್ನು ನಾನು ಒಪ್ಪುವುದಿಲ್ಲ. ಕುಡಿಯಲು, ಅಡುಗೆಗೆ ದಿನಕ್ಕೆ 40 ಲೀಟರ್ ಎಂದರೆ 5 ಸಾವಿರ ಲೀಟರಿನ ತೊಟ್ಟಿ ನಾಲ್ಕು ತಿಂಗಳು ಬರುತ್ತದೆ. ಉಳಿದದ್ದೆಲ್ಲ ಬಾವಿಯ ಬಳಿಯ ಇಂಗುಗುಂಡಿಗೆ ಹೋಗಲಿ. ಅಳಿವೆಯ ಹತ್ತಿರದ ಬಾವಿಗಳಲ್ಲಿ ಬೇಸಿಗೆಗೆ ಉಪ್ಪು ಏರುತ್ತದೆ. ಮಳೆಗಾಲದಲ್ಲಿ ಇಂಗಿಸಿದ ಸಿಹಿನೀರು ಅದನ್ನು ಹಿಂದೆ ತಳ್ಳುತ್ತದೆ. ಮೊದಲ ಕೆಲವು ಮಳೆಯ ನೀರನ್ನು ಹೊರಗೆ ಬಿಡಲು ದಂಬೆಯ (ಮಾಡಿನಂಚಿನ ನೀರಿನ ದೋಣಿಯ) ಪೈಪಿಗೊಂದು ಪ್ರತ್ಯೇಕ ಮುಚ್ಚಳ ಇಟ್ಟುಕೊಳ್ಳಿ.

ಶೌಚಕ್ಕೆ ಜೋಡಿಗುಂಡಿ ಅಗ್ಗ, ಸರಳ. ಒಂದು ತುಂಬಿದರೆ ಇನ್ನೊಂದಕ್ಕೆ ತಿರುಗಿಸಿ, ಎರಡು ವರ್ಷ ಬಿಟ್ಟರೆ ಮೊದಲನೆಯದರಲ್ಲಿ ಗೊಬ್ಬರ ಸಿದ್ಧ. ಘಟ್ಟದ ಮೇಲೆ, ಅಂತರ್ಜಲ ಆಳವಿರುವ ದಿಬ್ಬದ ಜಾಗಕ್ಕೆ ಇದೇ ಸರಿ. ಆದರೆ ಕರಾವಳಿಯಲ್ಲಿ ಜುಲೈ ತಿಂಗಳಿಗೆ ಬಾವಿಯ ನೀರು ಕೈಗೆಟುಕುವಷ್ಟು ಮೇಲೆ ಬರುತ್ತದೆ, ಚಿರೆಕಲ್ಲಿನ ನೆಲದೊಳಗೆ ನೀರು ಕೊಳವೆಯಂಥ ತೂತುಗಳಲ್ಲಿ ವೇಗವಾಗಿ ಹರಿಯುತ್ತದೆ. ಅಲ್ಲಿ ಗುಂಡಿಯ ಹೊಲಸು ನಿಮ್ಮ ಬಾವಿಗಲ್ಲದಿದ್ದರೆ ನೆರೆಯವರ ಬಾವಿಗೆ ಸೇರುತ್ತದೆ. ಕರಾವಳಿಯಲ್ಲಿ ತಳ ಮುಚ್ಚಿದ ಸೆಪ್ಟಿಕ್ ತೊಟ್ಟಿ, ಅದರಿಂದ ಹೊರಬಂದ ನೀರಿಗೆ ನೆಲಮಟ್ಟಕ್ಕಿಂತ ಎತ್ತರಿಸಿದ ಜಲ್ಲಿಪಾತಿಯಲ್ಲಿ ಬಾಳೆ, ಕೆಸು. ಇದಕ್ಕೆ ಹೆಚ್ಚು ಹಣ ಬೇಕಾದರೆ ಮುಂಬಾಗಿಲಿನ ಕೆತ್ತನೆಯನ್ನು ಕಡಿಮೆ ಮಾಡಿ. ಇದರಲ್ಲಿ ರಾಜಿ ಬೇಡ.

ಬಿಸಿನೀರು, ಅನಿಲ, ಕರೆಂಟು

ಸೌರ ನೀರುಕಾಯಿಸುವ ಸಾಧನ ಎಂಟು ತಿಂಗಳು ಅಮೃತ, ನಾಲ್ಕು ತಿಂಗಳು ಅಲಂಕಾರ. ಬಿಸಿನೀರು ಹೆಚ್ಚು ಬೇಕಾಗುವುದು ಆ ನಾಲ್ಕು ತಿಂಗಳಲ್ಲೇ. ಶಿರಸಿಯಲ್ಲಿ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ತೋಟ ಇದ್ದವರಿಗೆ ತೆಂಗಿನ ಮಟ್ಟೆ, ಅಡಿಕೆ ಸಿಪ್ಪೆ, ಒಣಹೆಡೆ ಧಾರಾಳ. ಹೊಗೆಕೊಳವೆ ಇರುವ, ಗಾಳಿ ಸರಿಯಾಗಿ ಆಡುವ ಬಚ್ಚಲ ಒಲೆ ಅಲ್ಲಿ ಮೊದಲ ಆಯ್ಕೆ. ಕಾರವಾರ ಪಟ್ಟಣದಲ್ಲಿ ಸೌದೆ ಕೊಂಡು ಉರಿಸುವುದರಲ್ಲಿ ಅರ್ಥವಿಲ್ಲ. ಸೌರ ಸಾಧನದ ಜೊತೆ ಸಣ್ಣ ವಿದ್ಯುತ್ ಹೀಟರ್ ಸಾಕು.

ಗೋಬರ್ ಗ್ಯಾಸ್ ಆರಿಸುವ ಮೊದಲು ಕೊಟ್ಟಿಗೆಯನ್ನು ಎಣಿಸಿ. ಎರಡು ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಂದರೆ ನಾಲ್ಕೈದು ದನ ಬೇಕು. ಅಷ್ಟಿದ್ದರೆ ಬೇರೆ ಯೋಚನೆಯೇ ಬೇಡ: ಅಡುಗೆಗೆ ಅನಿಲ, ತೋಟಕ್ಕೆ ಬಗ್ಗಡ. ಎರಡೇ ದನ ಇಟ್ಟುಕೊಂಡು ದೊಡ್ಡ ಸ್ಥಾವರ ಕಟ್ಟಿದರೆ ಅದು ಹಸಿದೇ ಇರುತ್ತದೆ.

ಸೌರ ವಿದ್ಯುತ್ತಿಗೆ 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆ ಮೂರು ಕಿಲೋವ್ಯಾಟಿಗೆ 78 ಸಾವಿರ ರೂಪಾಯಿ ಸಹಾಯಧನ ಕೊಡುತ್ತದೆ. ವಿದ್ಯುತ್ ಕಂಪನಿ ಹೆಸ್ಕಾಂನ ಜಾಲಕ್ಕೆ ಜೋಡಿಸುವ ವ್ಯವಸ್ಥೆ ಅದು. ಒಂದನ್ನು ತಿಳಿದಿರಬೇಕು: ಜಾಲದ ಕರೆಂಟು ಹೋದರೆ ಬ್ಯಾಟರಿಯಿಲ್ಲದ ಇಂಥ ವ್ಯವಸ್ಥೆಯೂ ಸುರಕ್ಷತೆಗಾಗಿ ತಾನೇ ನಿಂತುಹೋಗುತ್ತದೆ. ಕಾರವಾರ, ಶಿರಸಿ ಪಟ್ಟಣದವರಿಗೆ ಚಿಂತೆಯಿಲ್ಲ. ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ಒಳಹಳ್ಳಿಗಳವರಿಗೆ ಬ್ಯಾಟರಿ ಸೇರಿದ ಚಿಕ್ಕ ವ್ಯವಸ್ಥೆಯೇ ಮೇಲು. ಮಳೆಗಾಲದಲ್ಲಿ ಫಲಕಗಳ ಉತ್ಪಾದನೆ ತೀರಾ ಇಳಿಯುವುದರಿಂದ, ಮನೆಯ ಪಕ್ಕ ಹಳ್ಳ ಧುಮುಕುತ್ತಿದ್ದರೆ ಕಿರು ಜಲವಿದ್ಯುತ್ ಯಂತ್ರವನ್ನೂ ವಿಚಾರಿಸಿ. ಬಿಸಿಲು ಕೈಕೊಡುವ ತಿಂಗಳಲ್ಲೇ ಅದು ದುಡಿಯುತ್ತದೆ.

ನಕ್ಷೆಯಲ್ಲಿ ಮರೆತುಹೋಗುವವು

ಬಟ್ಟೆ ಒಣಗಿಸುವ ಜಾಗ ಇಲ್ಲದ ಮನೆ ಈ ಜಿಲ್ಲೆಯಲ್ಲಿ ಅರ್ಧ ಮನೆ. ಶಿರಸಿಯಲ್ಲಿ ಬಚ್ಚಲ ಒಲೆಯ ಮೇಲಿನ ಅಟ್ಟ, ಕಾರವಾರದಲ್ಲಿ ಎರಡೂ ಕಡೆ ಗಾಳಿಯಾಡುವ ಹಿಂಜಗಲಿ. ಇದೊಂದನ್ನು ನಕ್ಷೆಯಲ್ಲಿ ಸೇರಿಸಿದರೆ ಬಟ್ಟೆ ಒಣಗಿಸುವ ಯಂತ್ರದ ಮಾತೇ ಏಳುವುದಿಲ್ಲ.

ಕರಾವಳಿಯ ಮನೆಗೆ ಗಾಳಿ ಹಗಲು ಪಡುವಣದಿಂದ, ರಾತ್ರಿ ಮೂಡಣದಿಂದ. ಕಿಟಕಿಗಳು ಈ ಎರಡು ದಿಕ್ಕಿನಲ್ಲಿ ಎದುರುಬದುರಾಗಿರಲಿ. ಆದರೆ ಮಳೆಯೂ ಪಡುವಣದಿಂದಲೇ ಬರುವುದರಿಂದ ಅಲ್ಲಿ ಆಳವಾದ ಜಗಲಿ, ಪಟ್ಟಿಬಾಗಿಲಿನ ಕಿಟಕಿ ಬೇಕು. ಗಾಜಿನ ಜಾರುಕಿಟಕಿ ಮುಚ್ಚಿದರೆ ಉಸಿರು ಕಟ್ಟುತ್ತದೆ, ತೆರೆದರೆ ನೀರು ನುಗ್ಗುತ್ತದೆ. ಮಳೆಗಾಲಕ್ಕೆ ಅಡಿಕೆ ಸೋಗೆಯ ತಟ್ಟಿ ಕಟ್ಟುವ ಹಳೆಯ ಪದ್ಧತಿಗೆ ಜಗಲಿಯ ಕಂಬಗಳಲ್ಲಿ ಕೊಕ್ಕೆ ಇಡಿಸಿ. ದೀಪಾವಳಿಗೆ ಬಿಚ್ಚಿ ತೋಟಕ್ಕೆ ಹಾಕಿದರೆ ಅದೇ ಗೊಬ್ಬರ. ಪ್ಲಾಸ್ಟಿಕ್ ಟರ್ಪಾಲಿಗಿಂತ ಇದು ಎಷ್ಟೋ ಮೇಲು.

ಒಳಾಂಗಣದ ತೆರೆದ ತೊಟ್ಟಿ ಚಿತ್ರದಲ್ಲಿ ಸುಂದರ. ಇಲ್ಲಿನ ಮಳೆಗೆ ಅದರ ಮೇಲೆ ಎತ್ತರಿಸಿದ ಇನ್ನೊಂದು ಪುಟ್ಟ ಮಾಡು ಇರಲಿ. ಬೆಳಕು, ಗಾಳಿ ಬರುತ್ತದೆ, ಎರಚಲು ಬರುವುದಿಲ್ಲ.

ಕೆಲಸದ ಕಾಲವೂ ಒಂದು ಆಯ್ಕೆಯೇ. ದೀಪಾವಳಿ ಮುಗಿದೊಡನೆ ಪಂಚಾಂಗ, ಡಿಸೆಂಬರ್ ಜನವರಿಯಲ್ಲಿ ಬ್ಲಾಕು ಒತ್ತಿ ನೀರುಣಿಸುವುದು, ಏಪ್ರಿಲ್ ಮುಗಿಯುವುದರೊಳಗೆ ಮಾಡು. ಬಾವಿ ಬತ್ತುವ ತಿಂಗಳಲ್ಲಿ ಬ್ಲಾಕು ಒತ್ತಲು ಹೊರಟರೆ ನೀರುಣಿಸಲು ನೀರಿಲ್ಲದೆ ಎಲ್ಲವೂ ಪುಡಿಬೀಳುತ್ತದೆ. ಸುಣ್ಣದ ಹೊರಗಾರೆಯನ್ನು ಮುಂದಿನ ಚಳಿಗಾಲಕ್ಕೆ ಬಿಡಿ, ಅದಕ್ಕೆ ನಿಧಾನವಾಗಿ ಒಣಗುವ ಕಾಲ ಬೇಕು. ಗುತ್ತಿಗೆಯ ಕಾಗದದಲ್ಲಿ ಮಾಡಿನ ಚಾಚು ಎಷ್ಟು ಅಡಿ, ಪಂಚಾಂಗ ಎಷ್ಟು ಎತ್ತರ, ತಿರುಗಣಿ ಯಾವ ದರ್ಜೆಯದು ಎಂಬ ಮೂರನ್ನೂ ಬರೆಸಿಕೊಳ್ಳಿ; ಖರ್ಚು ಮೀರಿದಾಗ ಮೊದಲು ಕತ್ತರಿ ಬೀಳುವುದು ಇವುಗಳ ಮೇಲೆಯೇ.